ತೂಕ 66, ಹೊಟ್ಟೆ ಸುತ್ತಳತೆ 96: ದಪ್ಪ ಇಲ್ಲದವರಿಗೂ ಶುಗರ್ ಯಾಕೆ ಏರುತ್ತದೆ?

ಪ್ರಶ್ನೆ: ನನಗೆ 42 ವರ್ಷ. ಹಾಸನ ಜಿಲ್ಲೆಯ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ದಿನವಿಡೀ ಕೂತೇ ಇರುತ್ತೇನೆ. ಎತ್ತರ 165 ಸೆಂ.ಮೀ., ತೂಕ 66 ಕೆ.ಜಿ. ಮದುವೆಯಾದಾಗ 56 ಇದ್ದೆ. ಕೈಕಾಲು ಈಗಲೂ ಸಣ್ಣ. ಹೊಟ್ಟೆ ಮಾತ್ರ ಮುಂದೆ ಬಂದಿದೆ, ಸುತ್ತಳತೆ 96 ಸೆಂ.ಮೀ. ಕಳೆದ ತಿಂಗಳ ರಿಪೋರ್ಟ್ ಹೀಗಿದೆ: ಖಾಲಿ ಹೊಟ್ಟೆಯ ಶುಗರ್ 112, ಎಚ್‌ಬಿಎ1ಸಿ 6.2, ಟ್ರೈಗ್ಲಿಸರೈಡ್ 238, ಎಚ್‌ಡಿಎಲ್ 34. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 1. ನಾನು ಕುಡಿಯುವುದಿಲ್ಲ, ಕರಿದದ್ದೂ ಕಡಿಮೆ. ಅಪ್ಪನಿಗೆ ಶುಗರ್ ಇತ್ತು. ನನ್ನ ಅಕ್ಕನಿಗೆ 46 ವರ್ಷ, ತೂಕ 82 ಕೆ.ಜಿ. ಅವರ ರಿಪೋರ್ಟ್ ಎಲ್ಲಾ ನಾರ್ಮಲ್! ಇದು ಹೇಗೆ ಸಾಧ್ಯ? ಹೊಟ್ಟೆಯ ಕೊಬ್ಬನ್ನು ಆಪರೇಷನ್ ಮಾಡಿ ತೆಗೆಸಿದರೆ ಸರಿಹೋಗುತ್ತದಾ? ಒಬ್ಬ ಸ್ನೇಹಿತರು ತೂಕ ಇಳಿಸುವ ಇಂಜೆಕ್ಷನ್ ಹಾಕಿಸಿಕೋ ಅನ್ನುತ್ತಾರೆ. ಇನ್ನೊಬ್ಬರು ಉಪ್ಪಾಗೆ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. ಯಾವುದನ್ನು ನಂಬಲಿ?

ಉತ್ತರ: ದಪ್ಪ ಇದ್ದವರಿಗೆ ಬರುವ ಕಾಯಿಲೆ ನನಗೆ ಯಾಕೆ ಬಂತು ಎಂದು ಕೇಳುತ್ತಿದ್ದೀರಿ. ಅಪ್ಪನಿಗೆ ಆದದ್ದೇ ನನಗೂ ಆಗುತ್ತದಾ ಎಂಬ ಹೆದರಿಕೆಯೂ ಅದರ ಹಿಂದೆ ಇದೆ ಅನ್ನಿಸಿತು. ಮೊದಲು ಆ ಹೆದರಿಕೆಯ ಬಗ್ಗೆ ಹೇಳುತ್ತೇನೆ. ನಿಮಗೆ ಇನ್ನೂ ಸಕ್ಕರೆ ಕಾಯಿಲೆ ಬಂದಿಲ್ಲ. ಎಚ್‌ಬಿಎ1ಸಿ ಅಂದರೆ ಸುಮಾರು ಮೂರು ತಿಂಗಳ ಶುಗರ್‌ನ ಸರಾಸರಿ ತೋರಿಸುವ ಅಂಕಿ. ಅದು 5.7ರಿಂದ 6.4ರ ನಡುವೆ ಇದ್ದರೆ ಪ್ರಿಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹಿಂದಿನ ಹಂತ ಅನ್ನುತ್ತೇವೆ. ಇಲ್ಲಿಂದ ಹಿಂದಕ್ಕೆ ಬರಬಹುದು. ಬಂದವರನ್ನು ನಾನು ನೋಡುತ್ತಲೇ ಇರುತ್ತೇನೆ.

ಇನ್ನು ‘ನಾನು ದಪ್ಪ ಇಲ್ಲ’ ಎಂಬ ಮಾತು. ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 24.2 ಆಗುತ್ತದೆ. ಯುರೋಪಿನವರ ಲೆಕ್ಕದಲ್ಲಿ ಇದು ನಾರ್ಮಲ್. ಭಾರತೀಯರಿಗೆ ಆ ಲೆಕ್ಕ ಹೊಂದುವುದಿಲ್ಲ. ನಮ್ಮಲ್ಲಿ 23ಕ್ಕೇ ಹೆಚ್ಚು ತೂಕ, 25ಕ್ಕೇ ಬೊಜ್ಜು. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ನಿಮ್ಮದು 96. ಮದುವೆಯಾದ ಮೇಲೆ ಏರಿದ ಆ 10 ಕೆ.ಜಿ.ಯನ್ನೂ ನೋಡಿ. ಕೂತು ಕೆಲಸ ಮಾಡುವವರಿಗೆ ವಯಸ್ಸಾದಂತೆ ಸ್ನಾಯು ಹೆಚ್ಚುವುದಿಲ್ಲ, ಸವೆಯುತ್ತದೆ. ಅಂದರೆ ಏರಿದ್ದು ಬಹುಪಾಲು ಕೊಬ್ಬೇ. ಸಕ್ಕರೆ ಕಾಯಿಲೆ ಬಗ್ಗೆ ದೇಶದಾದ್ಯಂತ ನಡೆದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ 2023ರ ವರದಿಯಲ್ಲೂ ಇದೇ ಕಾಣುತ್ತದೆ. ಬಿಎಂಐ ಪ್ರಕಾರ ಬೊಜ್ಜು ಇದ್ದವರು ಶೇ 28.6. ಹೊಟ್ಟೆಯ ಅಳತೆ ಪ್ರಕಾರ ಶೇ 39.5. ಈ ಎರಡರ ನಡುವಿನ ಅಂತರದಲ್ಲಿ ನಿಮ್ಮಂಥವರು ಬಹಳ ಜನ ಇದ್ದಾರೆ.

ಅಂದಹಾಗೆ, ಅಳತೆ ಸರಿಯಾಗಿ ತೆಗೆದುಕೊಂಡಿದ್ದೀರಾ ನೋಡಿಕೊಳ್ಳಿ. ಪ್ಯಾಂಟಿನ ಸೈಜ್ ಲೆಕ್ಕಕ್ಕೆ ಬರುವುದಿಲ್ಲ. ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ ಅಲ್ವಾ? ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪ್ ಸುತ್ತಬೇಕು. ಉಸಿರು ಬಿಟ್ಟಾಗ ಅಳೆಯಬೇಕು, ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ನಿಮಗಿಂತ 16 ಕೆ.ಜಿ. ಹೆಚ್ಚು ತೂಗುವ ಅಕ್ಕನಿಗೆ ಇಲ್ಲದ್ದು ನಿಮಗೆ ಯಾಕೆ?

ಕೊಬ್ಬು ಅಂದರೆ ಸುಮ್ನೆ ಮೈಗೆ ಅಂಟಿಕೊಂಡ ಭಾರ ಎಂದು ಬಹಳ ಜನ ತಿಳಿದಿದ್ದಾರೆ. ವೈದ್ಯರಲ್ಲೂ ಹಿಂದೆ ಅದೇ ಭಾವನೆ ಇತ್ತು. 1994ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿಯಿತು. ಅದು ಹುಟ್ಟುವುದು ಕೊಬ್ಬಿನ ಕೋಶಗಳಲ್ಲಿ. ‘ಶೇಖರಣೆ ಇಷ್ಟಿದೆ’ ಎಂದು ಮೆದುಳಿಗೆ ತಿಳಿಸುವುದು ಅದರ ಕೆಲಸ. ಆಮೇಲೆ ಅಡಿಪೊನೆಕ್ಟಿನ್ ಸಿಕ್ಕಿತು. ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವಂತೆ ಅದು ನೆರವಾಗುತ್ತದೆ. ಲಿವರ್, ಥೈರಾಯ್ಡ್‌ಗಳ ಹಾಗೆ ಕೊಬ್ಬೂ ಒಂದು ಅಂಗ ಎಂಬುದು ಆಗ ಖಚಿತವಾಯಿತು.

ಈ ಅಂಗದ ಮೊದಲ ಕೆಲಸ ನಮ್ಮನ್ನು ಕಾಪಾಡುವುದು. ಊಟದಲ್ಲಿ ಹೆಚ್ಚಾದ ಶಕ್ತಿಯನ್ನು ಚರ್ಮದ ಕೆಳಗೆ, ತೊಡೆಯಲ್ಲಿ, ಪೃಷ್ಠದಲ್ಲಿ ಅದು ಭದ್ರವಾಗಿ ಇಟ್ಟುಕೊಳ್ಳುತ್ತದೆ. ಅಲ್ಲಿ ಇರುವವರೆಗೆ ಅದರಿಂದ ಅಷ್ಟು ತೊಂದರೆ ಇಲ್ಲ. ಆದರೆ ಈ ಜಾಗಕ್ಕೆ ಒಂದು ಮಿತಿ ಇದೆ, ಮತ್ತು ಆ ಮಿತಿ ಒಬ್ಬೊಬ್ಬರಿಗೆ ಒಂದೊಂದು. ಕೆರೆ ತುಂಬಿದ ಮೇಲೆ ಕೋಡಿ ಬೀಳುತ್ತದೆ. ದೊಡ್ಡ ಕೆರೆ ತಡವಾಗಿ ಕೋಡಿ ಬಿದ್ದರೆ ಸಣ್ಣ ಕೆರೆ ಒಂದೇ ಮಳೆಗೆ ಕೋಡಿ ಬೀಳಬಹುದು. ನಿಮ್ಮ ಅಕ್ಕನ ಕೆರೆ ದೊಡ್ಡದು. ನಿಮ್ಮದು ಸಣ್ಣದು, ಆಗಲೇ ಕೋಡಿ ಬಿದ್ದಿದೆ. ಹೆಚ್ಚಾದ ಕೊಬ್ಬು ಕರುಳಿನ ಸುತ್ತ, ಲಿವರ್‌ನಲ್ಲಿ, ಸ್ನಾಯುವಿನಲ್ಲಿ, ಅಂದರೆ ಇರಬಾರದ ಕಡೆ ಸೇರುತ್ತಿದೆ.

ಇದು ಬರೀ ಊಹೆಯಲ್ಲ. ಹುಟ್ಟಿನಿಂದಲೇ ಮೈಯಲ್ಲಿ ಕೊಬ್ಬಿನ ಅಂಗಾಂಶವೇ ಬೆಳೆಯದ ಲಿಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆ ಇದೆ. ಅವರ ಮೈಯಲ್ಲಿ ಎಲ್ಲೂ ಬೊಜ್ಜು ಕಾಣುವುದಿಲ್ಲ. ‘ಕೊಬ್ಬೇ ವೈರಿ’ ಅನ್ನುವುದಾದರೆ ಅವರು ಎಲ್ಲರಿಗಿಂತ ಆರೋಗ್ಯವಾಗಿರಬೇಕಿತ್ತು. ಆದರೆ ಅವರಿಗೆ ಚಿಕ್ಕ ವಯಸ್ಸಿಗೇ ತೀವ್ರ ಸಕ್ಕರೆ ಕಾಯಿಲೆ, ಫ್ಯಾಟಿ ಲಿವರ್, ವಿಪರೀತ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಬರುತ್ತವೆ. ಇಟ್ಟುಕೊಳ್ಳಲು ಜಾಗವಿಲ್ಲದ ಕೊಬ್ಬು ಲಿವರ್‌ಗೆ ಸೇರುತ್ತದೆ.

ನಿಮ್ಮ ಆಪರೇಷನ್ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನಳಿಕೆ ಹಾಕಿ ಕೊಬ್ಬು ಹೀರುವ ಲೈಪೊಸಕ್ಷನ್ ಆಪರೇಷನ್‌ನಲ್ಲಿ ತೆಗೆಯುವುದು ಚರ್ಮದ ಕೆಳಗಿನ ಕೊಬ್ಬನ್ನು ಮಾತ್ರ. ಕರುಳಿನ ಸುತ್ತ ಇರುವುದಕ್ಕೆ, ಲಿವರ್‌ನೊಳಗೆ ಇರುವುದಕ್ಕೆ ಆ ನಳಿಕೆ ಹೋಗುವುದೇ ಇಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 15 ಸ್ಥೂಲಕಾಯದ ಮಹಿಳೆಯರಿಗೆ ಹೀಗೆ ಸುಮಾರು 10 ಕೆ.ಜಿ. ಕೊಬ್ಬು ತೆಗೆದು, 10–12 ವಾರ ಬಿಟ್ಟು ಪರೀಕ್ಷೆ ಮಾಡಿದರು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಇನ್ಸುಲಿನ್ ಕೆಲಸ ಮಾಡುವ ರೀತಿ, ಬಿಪಿ, ಕೊಲೆಸ್ಟ್ರಾಲ್ ಯಾವುದೂ ಸುಧಾರಿಸಿರಲಿಲ್ಲ. ಅಷ್ಟೇ ತೂಕವನ್ನು ಊಟ ಕಡಿಮೆ ಮಾಡಿ ಇಳಿಸಿದ್ದರೆ ಎಲ್ಲವೂ ಸುಧಾರಿಸುತ್ತಿತ್ತು. ಹಾಗಾಗಿ ಶುಗರ್ ಸಲುವಾಗಿ ಈ ಆಪರೇಷನ್ ಬೇಡವೇ ಬೇಡ.

ನಮ್ಮವರಿಗೆ ಆ ಮಿತಿ ಬೇಗ ಯಾಕೆ ತುಂಬುತ್ತದೆ? ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್‌ಕಿನ್ ಎಂಬ ಇಬ್ಬರು ತಜ್ಞರು 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿ ಒಂದು ಪುಟ್ಟ ಬರಹ ಬರೆದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಯುಡ್‌ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ತೆಳ್ಳಗೆ ಕಾಣುವ ಭಾರತೀಯನ ಒಳಗೆ ಏನಿರುತ್ತದೆ ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ. ಇನ್ನೊಂದು ಸಂಗತಿ ನಮ್ಮ ಮೈಸೂರಿನದು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ಅಳೆದು, ವರ್ಷಗಟ್ಟಲೆ ಗಮನಿಸುತ್ತ ಬಂದ ದೊಡ್ಡ ಅಧ್ಯಯನ ನಡೆದಿದೆ. ಬ್ರಿಟನ್ನಿನ ಮಕ್ಕಳಿಗೆ ಹೋಲಿಸಿದರೆ ಈ ಶಿಶುಗಳು ಎಲ್ಲದರಲ್ಲೂ ಸಣ್ಣ. ಆದರೆ ಬೆನ್ನಿನ ಮೇಲ್ಭಾಗದ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆ ಇರಲಿಲ್ಲ. ಸ್ನಾಯು ಕಡಿಮೆ, ಮುಂಡದ ಭಾಗದಲ್ಲಿ ಕೊಬ್ಬು ಹೆಚ್ಚು ಎಂಬ ಈ ಮೈಕಟ್ಟು ತಾಯಿಯ ಹೊಟ್ಟೆಯಲ್ಲೇ ಶುರುವಾಗುತ್ತದೆ. ಹಾಗಾಗಿ ದಯವಿಟ್ಟು ಇದನ್ನು ನಿಮ್ಮ ಸೋಮಾರಿತನ ಎಂದುಕೊಳ್ಳಬೇಡಿ. ನನ್ನ ಬಳಿ ಬರುವ ಎಷ್ಟೋ ಜನ ತಪ್ಪಿತಸ್ಥರ ಹಾಗೆ ತಲೆ ತಗ್ಗಿಸಿ ಕೂರುತ್ತಾರೆ. ಅದರ ಅಗತ್ಯ ಇಲ್ಲ.

ಈಗ ನಿಮ್ಮ ರಿಪೋರ್ಟ್ ಕೈಗೆತ್ತಿಕೊಳ್ಳಿ. ಐದು ಅಂಕಿಗಳು ಐದು ಕಾಯಿಲೆಗಳಂತೆ ಕಾಣುತ್ತವೆ. ನನಗೆ ಅದು ಒಂದೇ ಕಥೆ.

ಕಥೆ ಶುರುವಾಗುವುದು ಲಿವರ್‌ನಲ್ಲಿ. ‘ಕುಡಿಯಲ್ಲ, ಕರಿದದ್ದೂ ಕಡಿಮೆ’ ಅಂದಿರಿ. ಆದರೆ ಲಿವರ್ ತಾನೇ ಕೊಬ್ಬು ತಯಾರಿಸಬಲ್ಲದು. ಅನ್ನ, ಮುದ್ದೆ, ಸಕ್ಕರೆ ಇವುಗಳಿಂದ ಬಂದ ಗ್ಲೂಕೋಸ್ ಸ್ನಾಯುವಿನಲ್ಲಿ ಖರ್ಚಾಗದೆ ಉಳಿದರೆ ಅದನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಜೊತೆಗೆ, ತುಂಬಿಹೋದ ಕೊಬ್ಬಿನ ಕೋಶಗಳಿಂದ ಕೊಬ್ಬಿನಾಮ್ಲಗಳು ರಕ್ತಕ್ಕೆ ಸೋರಿ ಲಿವರ್‌ಗೆ ಬರುತ್ತವೆ. ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಇದೇ. ಕೊಬ್ಬು ತುಂಬಿದ ಲಿವರ್ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ರಾತ್ರಿ ನೀವು ಮಲಗಿರುವಾಗ ಅದು ಸಕ್ಕರೆ ತಯಾರಿಸುತ್ತಲೇ ಇರುತ್ತದೆ. ಅದಕ್ಕೇ ಏನೂ ತಿನ್ನದಿದ್ದರೂ ಬೆಳಿಗ್ಗೆಯ ಶುಗರ್ 112. ತನ್ನಲ್ಲಿರುವ ಕೊಬ್ಬನ್ನು ಲಿವರ್ ರಕ್ತಕ್ಕೆ ತುಂಬಿ ಕಳಿಸುತ್ತದೆ. ಅದಕ್ಕೆ ಟ್ರೈಗ್ಲಿಸರೈಡ್ 238. ಇದು 150ಕ್ಕಿಂತ ಕಡಿಮೆ ಇರಬೇಕಿತ್ತು. ಟ್ರೈಗ್ಲಿಸರೈಡ್ ಹೆಚ್ಚಾದಾಗ ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟ್ರಾಲ್‌ನ ಕಣಗಳು ಬೇಗ ಕರಗಿಹೋಗುತ್ತವೆ. ಅದಕ್ಕೆ 34. ಇದನ್ನೆಲ್ಲ ಸರಿದೂಗಿಸಲು ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಹೆಚ್ಚಾದ ಇನ್ಸುಲಿನ್‌ನಿಂದ ಲಿವರ್‌ನಲ್ಲಿ ಇನ್ನಷ್ಟು ಕೊಬ್ಬು ತಯಾರಾಗುತ್ತದೆ. ಪ್ಯಾಂಕ್ರಿಯಾಸ್ ಎಷ್ಟು ವರ್ಷ ತಡೆದುಕೊಳ್ಳುತ್ತದೆ ಎಂಬುದರಲ್ಲಿ ಅಪ್ಪನಿಂದ ಬಂದ ಪಾಲು ಇದೆ.

ಇನ್ನೊಂದು ಕಡೆ, ಮಿತಿ ಮೀರಿ ಉಬ್ಬಿದ ಕೊಬ್ಬಿನ ಕೋಶಗಳಿಗೆ ಆಮ್ಲಜನಕ ಸಾಲುವುದಿಲ್ಲ. ಕೆಲವು ಸಾಯುತ್ತವೆ. ಅವನ್ನು ತೆಗೆಯಲು ರೋಗನಿರೋಧಕ ಕೋಶಗಳು ಮುತ್ತಿಕೊಳ್ಳುತ್ತವೆ. ಹೊರಗೆ ನೋವಿಲ್ಲ, ಜ್ವರವಿಲ್ಲ, ಆದರೆ ಒಳಗೆ ಸಣ್ಣ ಉರಿಯೂತ ವರ್ಷಗಟ್ಟಲೆ ನಡೆಯುತ್ತದೆ. ಅಡಿಪೊನೆಕ್ಟಿನ್ ಕಡಿಮೆಯಾಗುತ್ತದೆ. ರಕ್ತನಾಳಗಳಿಗೂ ಇದರಿಂದ ಪೆಟ್ಟು. ಈ ಗುಂಪಿನ ಕಾಯಿಲೆಗಳಲ್ಲಿ ನಾವು ಶುಗರ್‌ಗಿಂತ ಹೃದಯಕ್ಕೆ ಜಾಸ್ತಿ ಹೆದರುವುದು ಈ ಕಾರಣಕ್ಕೆ.

ಇನ್ನು ಏನು ಮಾಡಬೇಕು ಅನ್ನುವ ವಿಚಾರ. ಉಪ್ಪಾಗೆ ಕ್ಯಾಪ್ಸೂಲನ್ನು ಮೊದಲು ಪಕ್ಕಕ್ಕಿಡಿ. ಉಪ್ಪಾಗೆ ನಮ್ಮ ಪಶ್ಚಿಮ ಘಟ್ಟದ್ದೇ ಹಣ್ಣು. ಅದರ ಹುಳಿಯನ್ನು ಅಡುಗೆಗೆ ಸ್ವಲ್ಪ ಹಾಕುವುದಕ್ಕೆ ನನ್ನ ತಕರಾರಿಲ್ಲ. ಕ್ಯಾಪ್ಸೂಲ್‌ನಲ್ಲಿ ಇರುವುದು ಅದರ ಆಮ್ಲವನ್ನು ಗಟ್ಟಿ ಮಾಡಿ ತೆಗೆದ ಸಾರ. ಅದನ್ನು ಅಮೆರಿಕದಲ್ಲಿ ಸರಿಯಾದ ಕ್ರಮದಲ್ಲಿ ಪರೀಕ್ಷಿಸಿ 1998ರಲ್ಲಿ ವರದಿ ಬಂತು. ಏನೂ ಇಲ್ಲದ ಹುಸಿ ಮಾತ್ರೆಗಿಂತ ಅದು ಹೆಚ್ಚೇನೂ ತೂಕ ಇಳಿಸಲಿಲ್ಲ. ಈ ಸಾರ ಇರುವ ಮಾತ್ರೆಗಳಿಂದ ಲಿವರ್‌ಗೆ ತೀವ್ರ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ. ಲಿವರ್ ಸರಿಮಾಡಲು ಹೊರಟ ನೀವು ಇದನ್ನು ನುಂಗಬಾರದು. ಬೆಳಿಗ್ಗೆ ಬಿಸಿನೀರಿಗೆ ಜೇನು ಹಾಕಿ ಕುಡಿಯುವುದೂ ಕೊಬ್ಬು ಕರಗಿಸುವುದಿಲ್ಲ. ಜೇನೂ ಸಕ್ಕರೆಯೇ. ಹೊಟ್ಟೆಗೆ ಕಟ್ಟುವ ಬೆಲ್ಟ್‌ನಿಂದ ಬೆವರು ಬರುತ್ತದೆ, ಅಷ್ಟೇ.

ಇಂಜೆಕ್ಷನ್ ವಿಷಯ ಬೇರೆ. ಟಿರ್ಜೆಪಟೈಡ್ ಮತ್ತು ತೂಕ ಇಳಿಸುವ ಪ್ರಮಾಣದ ಸೆಮಾಗ್ಲುಟೈಡ್ 2025ರಲ್ಲಿ ನಮ್ಮ ದೇಶಕ್ಕೆ ಬಂದವು. ಇವು ನಿಜವಾದ ಔಷಧಿಗಳು, ಕೆಲಸ ಮಾಡುತ್ತವೆ. ಸೆಮಾಗ್ಲುಟೈಡ್‌ನ ದೊಡ್ಡ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿಯಿತು. ಆದರೆ ಇವು ಸಾಮಾನ್ಯವಾಗಿ ಬಿಎಂಐ 30 ದಾಟಿದವರಿಗೆ, ಅಥವಾ 27 ದಾಟಿ ಜೊತೆಗೆ ಬೇರೆ ತೊಂದರೆ ಇರುವವರಿಗೆ. ನಿಮ್ಮ 24.2ಕ್ಕೆ ನಾನು ಬರೆಯುವುದಿಲ್ಲ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಪ್ಯಾಂಕ್ರಿಯಾಸ್ ಊತ ಬರಬಹುದು. ಮನೆಯಲ್ಲಿ ಯಾರಿಗಾದರೂ ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಮುಟ್ಟಲೇಬಾರದು. ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ನಿಮಗೆ ಈಗಲೇ ಸ್ನಾಯು ಕಡಿಮೆ. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಪಾಲು ವಾಪಸ್ ಬಂದದ್ದೂ ದಾಖಲಾಗಿದೆ. ಜಠರವನ್ನೇ ಕಿರಿದು ಮಾಡುವ ಬೊಜ್ಜಿನ ಆಪರೇಷನ್ ಬಗ್ಗೆ ನೀವು ಕೇಳಿಲ್ಲ. ನಿಮಗೆ ಅದರ ಪ್ರಶ್ನೆಯೇ ಇಲ್ಲ.

ನಿಮ್ಮ ಸಮಸ್ಯೆಗೆ ಬೇಕಾದದ್ದು ಸಣ್ಣ ಇಳಿಕೆ. ಇಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ತಡವಾಗಿ ಬಂದು ಸೇರಿದ ಕೊಬ್ಬು ಬೇಗ ಹೊರಡುತ್ತದೆ. ಊಟ ಕಡಿಮೆ ಮಾಡಿದಾಗ ಲಿವರ್‌ನಲ್ಲಿನ ಕೊಬ್ಬು ಕೆಲವೇ ವಾರಗಳಲ್ಲಿ ಇಳಿಯಲು ಶುರುವಾಗುತ್ತದೆ. ಕನ್ನಡಿಯಲ್ಲಿ ಏನೂ ಬದಲಾವಣೆ ಕಾಣದಿದ್ದಾಗಲೇ ಒಳಗೆ ಸುಧಾರಣೆ ನಡೆದಿರುತ್ತದೆ. ಬ್ರಿಟನ್ನಿನ ನ್ಯೂಕ್ಯಾಸಲ್‌ನ ಪ್ರೊ. ರಾಯ್ ಟೇಲರ್ ತಂಡ ನಿಮ್ಮಂಥವರ ಮೇಲೆಯೇ ಒಂದು ಸಣ್ಣ ಅಧ್ಯಯನ ಮಾಡಿತು. ಬಿಎಂಐ 27ಕ್ಕಿಂತ ಕಡಿಮೆ ಇದ್ದು ಸಕ್ಕರೆ ಕಾಯಿಲೆ ಬಂದಿದ್ದ 20 ಜನರನ್ನು ತೂಕ ಇಳಿಸಲು ಹಚ್ಚಿದರು. 14 ಜನರ ಶುಗರ್ ಮಾತ್ರೆಯಿಲ್ಲದೆ ಹತೋಟಿಗೆ ಬಂತು. ನೀವಿನ್ನೂ ಆ ಹಂತಕ್ಕೂ ಹೋಗಿಲ್ಲ. ಮೊದಲ ಗುರಿ 4 ಕೆ.ಜಿ. ಇಟ್ಟುಕೊಳ್ಳಿ. ಹೊಟ್ಟೆ 90ರ ಒಳಗೆ ಬರುವವರೆಗೆ ನಿಧಾನಕ್ಕೆ ಮುಂದುವರಿಸಿ.

ಊಟದ ಬಗ್ಗೆ ನಿಮ್ಮ ಕಡೆಯವರಿಗೆ ನಾನು ಹೇಳುವುದು ಒಂದೇ. ‘ರಾಗಿ ಮುದ್ದೆ ತಿಂದರೆ ಶುಗರ್ ಬರಲ್ಲ’ ಎಂಬ ನಂಬಿಕೆ ಬಿಡಿ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿದೆ, ನಿಜ. ಆದರೆ ಅದರ ಬಹುಪಾಲು ಪಿಷ್ಟವೇ. ಹೊಲದಲ್ಲಿ ದುಡಿಯುತ್ತಿದ್ದ ಅಜ್ಜನ ಮುದ್ದೆಯ ಗಾತ್ರ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವರಿಗೆ ಜಾಸ್ತಿ. ಅದೇ ಇಂಡಿಯಾಬ್ ಸಮೀಕ್ಷೆಯ ಪ್ರಕಾರ ನಮ್ಮ ಜನರ ಶಕ್ತಿಯಲ್ಲಿ ಶೇ 62ರಷ್ಟು ಬರುವುದು ಪಿಷ್ಟ, ಸಕ್ಕರೆಗಳಿಂದ. ಬಸ್ಸಾರು ಮಾಡಿದ ದಿನ ಏನು ಮಾಡುತ್ತೀರಿ ನೋಡಿ. ದೊಡ್ಡ ಮುದ್ದೆ, ಮೇಲೆ ಅನ್ನ, ಹುರುಳಿಕಾಳು-ಸೊಪ್ಪಿನ ಪಲ್ಯ ಮಾತ್ರ ಒಂದು ಚಮಚ. ಇದನ್ನು ತಿರುಗಿಸಿ. ಪಲ್ಯ ತಟ್ಟೆಯ ಅರ್ಧ ಇರಲಿ, ಮುದ್ದೆ ಮೊದಲಿನ ಅರ್ಧ ಆಗಲಿ, ಮುದ್ದೆ ತಿಂದ ದಿನ ಅನ್ನ ಬೇಡ. ಅವರೆಕಾಳು, ಮೊಳಕೆ ಹೆಸರುಕಾಳು, ಮೊಸರು ಹೆಚ್ಚಿಸಿ. ತಿನ್ನುವವರಾದರೆ ಮೊಟ್ಟೆ, ಮೀನು, ಕೋಳಿ ಒಳ್ಳೆಯದು. ಸಂಜೆಯ ಟೀ ಜೊತೆಗಿನ ಬಿಸ್ಕತ್ತು, ಟೀಗೆ ಹಾಕುವ ಸಕ್ಕರೆ ಎರಡೂ ಹೋಗಬೇಕು. ಉಪವಾಸ ಬಿದ್ದು ಒಂದೇ ತಿಂಗಳಲ್ಲಿ ತೂಕ ಇಳಿಸಲು ಹೋಗಬೇಡಿ. ಸ್ನಾಯು ಸೊರಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಇದೆ.

ವ್ಯಾಯಾಮದಲ್ಲಿ ನಡಿಗೆಯಷ್ಟೇ ಸಾಲದು. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಬಳಸಬಲ್ಲದ್ದು ಸ್ನಾಯು. ನಿಮಗೆ ಅದನ್ನೇ ಬೆಳೆಸಬೇಕಿದೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಇರಲಿ. ಜೊತೆಗೆ ವಾರಕ್ಕೆ ಎರಡು ಮೂರು ದಿನ ಗರಡಿ ಮನೆಯ ದಂಡ, ಬಸ್ಕಿ ಮಾಡಿ. ಜಿಮ್ ಬೇಕಿಲ್ಲ. ಮೊದಲು ಗೋಡೆಗೆ ಕೈಕೊಟ್ಟು ದಂಡ, ಕುರ್ಚಿಯಿಂದ ಎದ್ದು ಕೂರುವ ಬಸ್ಕಿ ಸಾಕು. ಹೊಟ್ಟೆಗೆ ಮಾತ್ರ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬು ಕರಗುತ್ತದೆ ಎಂಬುದು ಸುಳ್ಳು.

ಮೂರು ತಿಂಗಳಲ್ಲಿ ತೂಕ ಇಳಿಯದಿದ್ದರೆ ನಿರಾಶರಾಗಬೇಡಿ. ಚೆನ್ನೈನ ಡಾ. ರಾಮಚಂದ್ರನ್ ತಂಡದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಪ್ರಿಡಯಾಬಿಟಿಸ್ ಇದ್ದವರು ಊಟ, ನಡಿಗೆ ಬದಲಿಸಿಕೊಂಡಾಗ ಸಕ್ಕರೆ ಕಾಯಿಲೆಯ ಅಪಾಯ ಶೇ 28ರಷ್ಟು ತಗ್ಗಿತು. ಅವರ ತೂಕ ಹೆಚ್ಚೇನೂ ಇಳಿದಿರಲಿಲ್ಲ! ಅದೇ ಅಧ್ಯಯನದಲ್ಲಿ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯೂ ಸುಮಾರು ಅಷ್ಟೇ ಕೆಲಸ ಮಾಡಿತು, ಎರಡನ್ನೂ ಸೇರಿಸಿದಾಗ ಹೆಚ್ಚಿನ ಲಾಭ ಆಗಲಿಲ್ಲ. ಆರು ತಿಂಗಳು ಪ್ರಯತ್ನಿಸಿದ ಮೇಲೂ ಎಚ್‌ಬಿಎ1ಸಿ ಏರುತ್ತಿದ್ದರೆ ನಿಮ್ಮ ವೈದ್ಯರ ಜೊತೆ ಮೆಟ್‌ಫಾರ್ಮಿನ್ ಬಗ್ಗೆ ಮಾತಾಡಿ. ಹಳೆಯ, ಅಗ್ಗದ ಮಾತ್ರೆ. ಶುರುವಿನಲ್ಲಿ ಹೊಟ್ಟೆ ಕೆಡಬಹುದು, ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆಯಾಗಬಹುದು. ಕಿಡ್ನಿ ಪರೀಕ್ಷೆ ಮಾಡಿಯೇ ಕೊಡುತ್ತಾರೆ.

ಈಗಲೇ ಮಾಡಿಸಬೇಕಾದ ಕೆಲವು ಪರೀಕ್ಷೆಗಳಿವೆ. ಬಿಪಿ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಎಷ್ಟಿದೆ ಎಂದು ನೀವು ಬರೆದಿಲ್ಲ. ಅಪ್ಪನಿಗೆ ಹೃದಯದ ತೊಂದರೆಯೂ ಇತ್ತೇ ಎಂದು ವೈದ್ಯರಿಗೆ ತಿಳಿಸಿ. ಥೈರಾಯ್ಡ್ ನೋಡಿಸಿ. ಗ್ರೇಡ್ 1 ಎಂದು ಸುಮ್ಮನಿರಬೇಡಿ, ಏಕೆಂದರೆ ಲಿವರ್ ಗಟ್ಟಿಯಾಗುತ್ತಿದೆಯೇ ಎಂಬುದನ್ನು ಸ್ಕ್ಯಾನಿಂಗ್‌ನ ಗ್ರೇಡ್ ಹೇಳುವುದಿಲ್ಲ. ವಯಸ್ಸು, ಲಿವರ್ ಪರೀಕ್ಷೆಯ ಎಸ್‌ಜಿಒಟಿ, ಎಸ್‌ಜಿಪಿಟಿ, ರಕ್ತದ ಪ್ಲೇಟ್‌ಲೆಟ್ ಈ ನಾಲ್ಕರಿಂದ ಫಿಬ್-4 ಎಂಬ ಅಂಕ ಲೆಕ್ಕ ಹಾಕಬಹುದು. ಖರ್ಚು ಕಡಿಮೆ, ಕೇಳಿ ಮಾಡಿಸಿ. ಮೂರು ತಿಂಗಳಿಗೆ ಎಚ್‌ಬಿಎ1ಸಿ ಮತ್ತು ಟ್ರೈಗ್ಲಿಸರೈಡ್ ಮತ್ತೆ ನೋಡಿ. ಒಳಗೆ ಏನಾಗುತ್ತಿದೆ ಎಂದು ಮೊದಲು ತಿಳಿಸುವುದು ಸಾಮಾನ್ಯವಾಗಿ ಟ್ರೈಗ್ಲಿಸರೈಡ್.

ಅಕ್ಕನ ವಿಷಯಕ್ಕೆ ಬರುತ್ತೇನೆ. ಹೆಂಗಸರಿಗೆ ಮುಟ್ಟು ನಿಲ್ಲುವವರೆಗೆ ಕೊಬ್ಬು ಹೆಚ್ಚಾಗಿ ತೊಡೆ, ಸೊಂಟದ ಕಡೆ ಸೇರುತ್ತದೆ. ಇಲ್ಲಿಯವರೆಗೆ ಅವರನ್ನು ಕಾಪಾಡಿರುವುದು ಬಹುಶಃ ಅದೇ. ಮುಟ್ಟು ನಿಂತ ಮೇಲೆ ಅದು ಹೊಟ್ಟೆಯ ಕಡೆ ತಿರುಗುತ್ತದೆ, ಮತ್ತು ಅವರಿಗೆ 46. ಇಂದಿನ ನಾರ್ಮಲ್ ರಿಪೋರ್ಟ್ ಐದು ವರ್ಷದ ಮೇಲೂ ಹಾಗೇ ಇರುತ್ತದೆ ಎಂದು ಹೇಳಲಾಗದು. ಅಪ್ಪನ ಶುಗರ್‌ನ ಪಾಲು ಅವರಿಗೂ ಇದೆ. ಅವರನ್ನು ಹೆದರಿಸಬೇಡಿ, ತೂಕದ ಮಾತೆತ್ತಿ ನೋಯಿಸಲೂ ಬೇಡಿ. ಹೊಟ್ಟೆಯ ಸುತ್ತಳತೆ ಅಳೆದುಕೊಳ್ಳಲಿ, ವರ್ಷಕ್ಕೊಮ್ಮೆ ಬಿಪಿ, ಎಚ್‌ಬಿಎ1ಸಿ, ಕೊಲೆಸ್ಟ್ರಾಲ್ ನೋಡಿಸಲಿ. ಮಂಡಿ ನೋವಿದ್ದರೆ, ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾಗಿ ಎಚ್ಚರವಾಗುತ್ತಿದ್ದರೆ, ಶುಗರ್ ನಾರ್ಮಲ್ ಇದ್ದರೂ ವೈದ್ಯರಿಗೆ ತೋರಿಸಲಿ.